ಕ್ಯಾಂಪಿನಲ್ಲಿ ಹುಟ್ಟಿದವರು ಭಾರತೀಯರಾಗಲು ಕ್ಯಾಂಪು ಬಿಡಬೇಕೇ? ನಮ್ಮ ಸಂಸದರಿಗೆ ಒಂದು ಬಹಿರಂಗ ಪತ್ರ

ನಮ್ಮ ಲೋಕಸಭಾ ಕ್ಷೇತ್ರದ ಮಾನ್ಯ ಸಂಸದರಿಗೆ,

ನಮಸ್ಕಾರಗಳು.

ನಾನು ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪದವನು. ಬೈಲಕುಪ್ಪೆಯ ಟಿಬೆಟಿಯನ್ ನಿರಾಶ್ರಿತರ ಕ್ಯಾಂಪುಗಳ ಕಡೆ ಹೋಗುವ ರಸ್ತೆಯಲ್ಲಿ ಪೈಪು, ಮೊಳೆ, ತಗಡು, ಪೇಂಟು ಮಾರುವ ಅಂಗಡಿ ಇಟ್ಟುಕೊಂಡಿದ್ದೇನೆ. ಗಿರಾಕಿಗಳಲ್ಲಿ ಅರ್ಧದಷ್ಟು ಮಂದಿ ಟಿಬೆಟಿಯನ್ನರು. ಹಾಗಾಗಿ ಕ್ಯಾಂಪಿನ ಕಷ್ಟಸುಖ ಬೇಗ ನನ್ನ ಕಿವಿಗೆ ಬೀಳುತ್ತದೆ. ಅಲ್ಲಿ ನಡೆಯುತ್ತಿರುವ ಒಂದು ಅನ್ಯಾಯವನ್ನು ನಿಮ್ಮ ಗಮನಕ್ಕೆ ತರಲು ಈ ಪತ್ರ. ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕಾರಣ ಇದೆ. ಕ್ಯಾಂಪಿನ ವಿಷಯದಲ್ಲಿ ನಮ್ಮ ಊರುಗಳವರಿಗೂ ತಪ್ಪು ತಿಳಿವಳಿಕೆ ಜಾಸ್ತಿ. ಅವರೂ ಓದಲಿ.

ವಿಷಯ ಇಷ್ಟು. 1955ರ ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತದ ಪೌರರು. ತಂದೆ ತಾಯಿ ಯಾವ ದೇಶದವರು ಅಂತ ಕಾಯ್ದೆ ಕೇಳುವುದಿಲ್ಲ. ಕ್ಯಾಂಪಿನಲ್ಲಿ ಹುಟ್ಟಿದ ಟಿಬೆಟಿಯನ್ನರಿಗೂ ಇದು ಅನ್ವಯಿಸುತ್ತದೆ ಅಂತ ದೆಹಲಿ ಹೈಕೋರ್ಟು 2010ರಲ್ಲಿ ಹೇಳಿತು. 2013ರಲ್ಲಿ ನಮ್ಮದೇ ರಾಜ್ಯದ ಹೈಕೋರ್ಟು ಒಬ್ಬ ಧರ್ಮಗುರುವಿನ ಅರ್ಜಿಯಲ್ಲಿ ಅದನ್ನೇ ಹೇಳಿತು. 2016ರಲ್ಲಿ ದೆಹಲಿ ಹೈಕೋರ್ಟು ಇನ್ನೊಮ್ಮೆ ಹೇಳಿದ ಮೇಲೆ, 2017ರ ಮಾರ್ಚ್‌ನಲ್ಲಿ ವಿದೇಶಾಂಗ ಸಚಿವಾಲಯ ಇಂಥವರಿಗೆ ಪಾಸ್‌ಪೋರ್ಟ್ ಕೊಡಿ ಅಂತ ಸುತ್ತೋಲೆ ಹೊರಡಿಸಿತು. ಕ್ಯಾಂಪಿನವರಿಗೆ ಖುಷಿಯಾಯಿತು. ಆ ಖುಷಿ ಹೆಚ್ಚು ದಿನ ಉಳಿಯಲಿಲ್ಲ. ಜೂನ್ ಹೊತ್ತಿಗೆ ಷರತ್ತುಗಳು ಬಂದವು. ವಿದೇಶಿಯರ ನೋಂದಣಿ ಪುಸ್ತಕ, ಅಂದರೆ ಆರ್‌ಸಿ, ವಾಪಸ್ ಕೊಡಬೇಕು. ಹಿಮಾಚಲದ ಧರ್ಮಶಾಲೆಯಲ್ಲಿ ಟಿಬೆಟಿಯನ್ನರು ತಾವೇ ನಡೆಸುವ ಆಡಳಿತದಿಂದ ಸಿಗುವ ಸವಲತ್ತು ಬಿಡಬೇಕು. ನಿರಾಶ್ರಿತರಿಗೆ ಸಿಗುವ ಸಬ್ಸಿಡಿಯೂ ಬೇಡ ಅಂತ ಬರೆದುಕೊಡಬೇಕು. ಇವೆಲ್ಲ ಒಂದು ಮಟ್ಟಿಗೆ ಸರಿ ಅನ್ನೋಣ. ಆದರೆ ನಾಲ್ಕನೆಯದು, ಅರ್ಜಿದಾರರು ಟಿಬೆಟಿಯನ್ ಕ್ಯಾಂಪಿನಲ್ಲಿ ವಾಸ ಇರಬಾರದು.

ನನ್ನ ತಕರಾರು ಈ ಒಂದು ಷರತ್ತಿನ ಮೇಲೆ. ಹುಟ್ಟಿದ ಮನೆಯನ್ನು ಬಿಟ್ಟರೆ ಮಾತ್ರ, ಇಲ್ಲಿ ಹುಟ್ಟಿದ್ದಕ್ಕೆ ಸಿಕ್ಕಿದ ಹಕ್ಕನ್ನು ಕೊಡುತ್ತೇವೆ ಅಂದಹಾಗಾಯಿತು, ಅಲ್ವಾ?

ಕ್ಯಾಂಪು ಅಂದರೆ ಏನು ಅಂತ ದೆಹಲಿಯಲ್ಲಿ ಕೂತು ಷರತ್ತು ಬರೆದವರಿಗೆ ಗೊತ್ತಿರಲಿಕ್ಕಿಲ್ಲ. ಡೇರೆ, ಗಂಜಿಕೇಂದ್ರ, ಸಾಲಲ್ಲಿ ನಿಂತ ಜನ ಅಂತ ಅಂದುಕೊಂಡಿರಬಹುದು. ಹೊರಗಿನಿಂದ ಬರುವವರೂ ಗೋಲ್ಡನ್ ಟೆಂಪಲ್ ನೋಡಿ, ಮೊಮೊ ತಿಂದು, ಫೋಟೋ ಹಿಡಿದು ಹೊರಟುಬಿಡುತ್ತಾರೆ. ಅದರ ಸುತ್ತ ಒಂದು ದೊಡ್ಡ ಊರಿನ ಬದುಕೇ ಇದೆ ಅನ್ನುವುದು ಅವರ ಕಣ್ಣಿಗೆ ಬೀಳುವುದಿಲ್ಲ.

1959ರಲ್ಲಿ ದಲೈಲಾಮಾ ಭಾರತಕ್ಕೆ ಬಂದ ಮೇಲೆ ಅವರ ಹಿಂದೆ ಸಾವಿರಾರು ಜನ ಬಂದರು. ಹಿಮಾಲಯದ ಕಡೆ ರಸ್ತೆ ಕೆಲಸದಲ್ಲಿ ಕಲ್ಲು ಒಡೆಯುತ್ತಿದ್ದರು. ಇವರಿಗೆ ಜಾಗ ಕೊಡುವಿರಾ ಅಂತ ನೆಹರೂ ರಾಜ್ಯಗಳನ್ನು ಕೇಳಿದಾಗ ಮೊದಲು ಮುಂದೆ ಬಂದದ್ದು ನಮ್ಮ ಮೈಸೂರು ರಾಜ್ಯ. ಬೈಲಕುಪ್ಪೆ ಪಕ್ಕ ಸುಮಾರು 3,000 ಎಕರೆ ಕಾಡುಭೂಮಿ ಕೊಟ್ಟಿತು. 1960ರ ಕೊನೆಯಲ್ಲಿ ಮೊದಲ ತಂಡ ಬಂತು. ಚಳಿ ದೇಶದ ಜನ, ಇಲ್ಲಿಯ ಸೆಕೆ ತಡೆಯದೆ, ಗೊತ್ತಿಲ್ಲದ ಕಾಯಿಲೆಗಳಿಗೆ ಸಿಕ್ಕಿ ಎಷ್ಟೋ ಮಂದಿ ಸತ್ತರು. ಆನೆ ಬಂದು ಗುಡಿಸಲು ತುಳಿಯುತ್ತಿದ್ದವು. ಮರ ಕಡಿದು, ಬೇರು ಕಿತ್ತು, ಬೆಂಕಿ ಹಾಕಿ ಹೊಲ ಮಾಡಿದರು. ನಮ್ಮ ತಂದೆ ಗಾಡಿ ಹೊಡೆದುಕೊಂಡು ಅಲ್ಲಿಗೆ ಹೋಗುತ್ತಿದ್ದರು. ಮರದ ಬುಡಗಳಿಗೆ ಹಚ್ಚಿದ ಬೆಂಕಿ ವಾರಗಟ್ಟಲೆ ಆರುತ್ತಿರಲಿಲ್ಲ, ರಾತ್ರಿ ಹೊತ್ತು ಕೊಪ್ಪದಿಂದ ನೋಡಿದರೂ ಆ ಕಡೆ ಆಕಾಶ ಕೆಂಪಗೆ ಕಾಣುತ್ತಿತ್ತು ಅಂತ ಹೇಳುತ್ತಿದ್ದರು. 1969ರಲ್ಲಿ ಎರಡನೇ ವಸತಿ ಆಯಿತು. ಅಷ್ಟರೊಳಗೆ 1966ರಲ್ಲಿ ಮುಂಡಗೋಡಿನಲ್ಲಿ ಒಂದು, ಆಮೇಲೆ ಹುಣಸೂರಿನ ಗುರುಪುರದಲ್ಲಿ, ಕೊಳ್ಳೇಗಾಲದ ಒಡೆಯರಪಾಳ್ಯದಲ್ಲಿ ಒಂದೊಂದು ಆದವು. ಇವತ್ತು ದೇಶದಲ್ಲಿ ಜಾಸ್ತಿ ಟಿಬೆಟಿಯನ್ನರು ಇರುವ ರಾಜ್ಯ ನಮ್ಮದು.

ಈಗ ಅಲ್ಲಿ ಹೇಗಿದೆ ಅಂತ ಕೇಳಿ. ಒಂದನೇ ಕ್ಯಾಂಪು, ಎರಡನೇ ಕ್ಯಾಂಪು ಅಂತ ನಂಬರಿನಲ್ಲೇ ಊರುಗಳು. ಪ್ರತಿ ಕ್ಯಾಂಪಿಗೆ ಒಬ್ಬ ಕ್ಯಾಂಪ್ ಲೀಡರ್, ಅವರನ್ನು ಕ್ಯಾಂಪಿನವರೇ ಆರಿಸುತ್ತಾರೆ. ಅವರ ಕೆಳಗೆ ಮನೆಗಳ ಗುಂಪಿಗೊಬ್ಬ ಮುಖಂಡ. ಎಲ್ಲದರ ಮೇಲೆ ಧರ್ಮಶಾಲೆಯಿಂದ ನೇಮಕವಾಗಿ ಬರುವ ವಸತಿ ಅಧಿಕಾರಿ. ಸಭೆ ಕರೆದರೆ ಮನೆಗೊಬ್ಬರಾದರೂ ಹೋಗಬೇಕು. ಸಹಕಾರ ಸಂಘ ಇದೆ, ಅದರದ್ದೇ ಟ್ರ್ಯಾಕ್ಟರ್ ಇವೆ. ಬಿತ್ತನೆ ಕಾಲದಲ್ಲಿ ಯಾರ ಹೊಲಕ್ಕೆ ಯಾವತ್ತು ಅಂತ ಸರದಿ ಹಾಕುತ್ತಾರೆ. ಮುಸುಕಿನ ಜೋಳವೇ ಮುಖ್ಯ ಬೆಳೆ. ಶಾಲೆ, ಆಸ್ಪತ್ರೆ, ವೃದ್ಧಾಶ್ರಮ ಎಲ್ಲ ಅಲ್ಲೇ. ಬೆಳಿಗ್ಗೆ ನಾನು ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಅಲ್ಲಿಯ ಅಜ್ಜಿಯರು ಕೈಯಲ್ಲಿ ಮಣಿಚಕ್ರ ತಿರುಗಿಸುತ್ತಾ ದೇವಸ್ಥಾನಕ್ಕೆ ಎಷ್ಟೋ ಸುತ್ತು ಹಾಕಿ ಮುಗಿಸಿರುತ್ತಾರೆ.

ಅವರ ಕಟ್ಟುಪಾಡುಗಳೂ ಗಟ್ಟಿ. ಕ್ಯಾಂಪಿನ ಮನೆ, ಹೊಲವನ್ನು ಹೊರಗಿನವರಿಗೆ ಮಾರುವ ಹಾಗಿಲ್ಲ. ಭೂಮಿ ಸರ್ಕಾರದ್ದು, ಗುತ್ತಿಗೆಯ ಮೇಲೆ ಬಂದದ್ದು, ಅದನ್ನು ಅವರು ಮರೆತಿಲ್ಲ. ತಮ್ಮ ಆಡಳಿತಕ್ಕೆ ಪ್ರತಿ ವರ್ಷ ಕಾಣಿಕೆ ಕಟ್ಟಿ, ಹಸಿರು ಬಣ್ಣದ ಪುಸ್ತಕದಲ್ಲಿ ನಮೂದು ಮಾಡಿಸಿಕೊಳ್ಳುತ್ತಾರೆ. 1991ರಲ್ಲಿ ತಮ್ಮದೇ ಒಂದು ಸಂವಿಧಾನದಂಥ ಸನ್ನದು ಮಾಡಿಕೊಂಡಿದ್ದಾರೆ. ತಮ್ಮ ಸಂಸತ್ತಿಗೆ, ತಮ್ಮ ಸಿಕ್ಯೋಂಗ್ ಅಂದರೆ ಪ್ರಧಾನಿಯಂಥವರ ಆಯ್ಕೆಗೆ ಮತ ಹಾಕುತ್ತಾರೆ. 2021ರಲ್ಲಿ ಸಿಕ್ಯೋಂಗ್ ಆಗಿ ಗೆದ್ದ ಪೆನ್ಪಾ ತ್ಸೆರಿಂಗ್ 1967ರಲ್ಲಿ ಹುಟ್ಟಿದ್ದು ಇದೇ ಬೈಲಕುಪ್ಪೆಯಲ್ಲಿ, ಶಾಲೆ ಓದಿದ್ದೂ ಇಲ್ಲೇ. ನಮ್ಮ ತಾಲ್ಲೂಕಿನಲ್ಲಿ ಹುಟ್ಟಿದವರು ಅಷ್ಟು ದೊಡ್ಡ ಹುದ್ದೆಗೆ ಹೋದರು ಅಂತ ನಮ್ಮ ಕಡೆ ಒಂದು ಫ್ಲೆಕ್ಸ್ ಕಟ್ಟಿದ್ದನ್ನೂ ನಾನು ನೋಡಲಿಲ್ಲ. ಬೇರೆ ಎಲ್ಲದಕ್ಕೂ ಕಟ್ಟುತ್ತೇವೆ.

ಜಗಳ ಬಂದರೆ? ಕಳ್ಳತನ, ಹೊಡೆದಾಟ ಆದರೆ ನಮ್ಮ ಪೊಲೀಸರೇ. ಸಣ್ಣಪುಟ್ಟ ಸಿವಿಲ್ ವ್ಯಾಜ್ಯ ಅವರೊಳಗೇ ತೀರುತ್ತದೆ. ನಾನು ಕಣ್ಣಾರೆ ಕಂಡ ಒಂದು ಪಂಚಾಯ್ತಿ ಹೇಳುತ್ತೇನೆ. ಎರಡು ಮನೆಯವರಿಗೆ ನೀರಿನ ಪೈಪಿನ ವಿಷಯದಲ್ಲಿ ಮನಸ್ತಾಪ. ಒಬ್ಬರ ಪೈಪು ಇನ್ನೊಬ್ಬರ ಬೇಲಿಯೊಳಗೆ ಹಾದಿತ್ತು, ಅವರು ಅಗೆದು ತುಂಡು ಮಾಡಿದ್ದರು. ನಾನು ಪೈಪು ಕೊಡಲು ಹೋಗಿದ್ದೆ, ಸುಮ್ನೆ ಒಂದು ಕಡೆ ಕೂತೆ. ಕ್ಯಾಂಪ್ ಲೀಡರ್ ಬಂದರು. ವಯಸ್ಸಿನಲ್ಲಿ ಚಿಕ್ಕ ಹೆಂಗಸು. ಮೊದಲು ಇಬ್ಬರ ಮನೆಯ ಬೆಣ್ಣೆ ಟೀ ಕುಡಿದರು. ಆಮೇಲೆ ಒಂದು ಹಗ್ಗ ತರಿಸಿ, ಎರಡೂ ಮನೆಯ ಹುಡುಗರ ಕೈಲಿ ಎರಡು ತುದಿ ಹಿಡಿಸಿ, ಬೇಲಿಯ ಉದ್ದಕ್ಕೆ ಅಳತೆ ಹಾಕಿಸಿದರು. ಪೈಪು ಬೇಲಿಯ ಹೊರಗೆ ಹೋಗಬೇಕು, ಹೊಸ ಪೈಪಿನ ದುಡ್ಡು ಅರ್ಧ ಅರ್ಧ, ಅಗೆಯುವ ಕೆಲಸ ಮಾತ್ರ ತುಂಡು ಮಾಡಿದವರದ್ದು. ಅಷ್ಟೇ ತೀರ್ಪು. ಇಬ್ಬರೂ ಮುಖ ಊದಿಸಿಕೊಂಡೇ ಒಪ್ಪಿದರು. ನನ್ನ ಬಿಲ್ಲು ಅವತ್ತೇ ಚುಕ್ತಾ ಆಯಿತು. ನಮ್ಮೂರಲ್ಲಿ ಇಂಥದ್ದೇ ಒಂದು ಕೇಸು ಪಿರಿಯಾಪಟ್ಟಣದ ಕೋರ್ಟಿನಲ್ಲಿ ವರ್ಷಗಳಿಂದ ನಡೆಯುತ್ತಿದೆ, ಇಬ್ಬರೂ ಸೇರಿ ಪೈಪಿನ ಬೆಲೆಗಿಂತ ನೂರು ಪಾಲು ಖರ್ಚು ಮಾಡಿದ್ದಾರೆ.

ಇದನ್ನೆಲ್ಲ ಇಷ್ಟು ಉದ್ದ ಯಾಕೆ ಹೇಳಿದೆ ಅಂದರೆ, ಕ್ಯಾಂಪು ಬಿಡು ಅನ್ನುವ ಷರತ್ತು ಬರೀ ವಿಳಾಸ ಬದಲಾಯಿಸು ಅಂದಹಾಗಲ್ಲ. ಅಜ್ಜ ಕಡಿದ ಕಾಡು, ಅಪ್ಪ ಕಟ್ಟಿದ ಮನೆ, ಸಂಘದ ಷೇರು, ಸಭೆಯಲ್ಲಿ ಮಾತಾಡುವ ಹಕ್ಕು, ಮಕ್ಕಳ ಶಾಲೆ, ಮುದಿ ತಾಯಿಯ ಆರೈಕೆ, ಎಲ್ಲವನ್ನೂ ಬಿಡು ಅಂತ ಅದರ ಅರ್ಥ.

ನನಗೆ ಒಬ್ಬ ಗೆಳೆಯ ಇದ್ದಾನೆ. ಹೆಸರು ಬೇಡ. 1984ರಲ್ಲಿ ಕ್ಯಾಂಪಿನಲ್ಲೇ ಹುಟ್ಟಿದವನು. ಮೈಸೂರಿನಲ್ಲಿ ಡಿಗ್ರಿ ಮಾಡಿದ. ನನ್ನನ್ನು ಅಣ್ಣ ಅಂತಲೇ ಕರೆಯುವುದು. ನನ್ನ ಮಗ ಮಾತಾಡುವ ಇಂಗ್ಲಿಷ್ ಬೆರೆತ ಕನ್ನಡಕ್ಕಿಂತ ಅವನ ಕನ್ನಡ ಎಷ್ಟೋ ಚೆನ್ನಾಗಿದೆ. ಮಳೆಗಾಲದಲ್ಲಿ ಹೊಲ. ಚಳಿ ಶುರುವಾಗುವ ಹೊತ್ತಿಗೆ ಸ್ವೆಟರ್ ವ್ಯಾಪಾರ. ಲೂಧಿಯಾನದ ಸೇಟುಗಳಿಂದ ಸಾಲದಲ್ಲಿ ಮಾಲು ತಂದು, ಹುಬ್ಬಳ್ಳಿ ಕಡೆ ಫುಟ್‌ಪಾತಿನಲ್ಲಿ ಹಾಕುತ್ತಾನೆ. ಹಂಗಾಮು ಮುಗಿಸಿ ಊರಿಗೆ ಬಂದವನೇ ಮೊದಲು ನನ್ನ ಬಾಕಿ ಕೊಡುತ್ತಾನೆ. ಆಮೇಲೆ ಮನೆಗೆ ಹೋಗುತ್ತಾನೆ. ಕ್ಯಾಂಪಿನವರ ಉದ್ರಿ ಖಾತೆ ಮುಳುಗಿದ್ದು ನಮ್ಮ ಅಂಗಡಿಯಲ್ಲಿ ಇಲ್ಲ ಅನ್ನಬಹುದು. ನಮ್ಮವರ ಖಾತೆಯ ಬಗ್ಗೆ ನಾನು ಇಲ್ಲಿ ಬರೆಯುವುದಿಲ್ಲ, ಹಬ್ಬಕ್ಕೆ ಮನೆಗೆ ಬರುವ ನೆಂಟರೂ ಅದರಲ್ಲಿದ್ದಾರೆ.

ಈ ಗೆಳೆಯನ ಕೈಯಲ್ಲಿರುವುದು ವಿದೇಶಿಯ ಎಂದು ಬರೆದ ಆರ್‌ಸಿ. ನಮ್ಮ ದೇಶದಲ್ಲಿ ನಿರಾಶ್ರಿತರಿಗೆ ಅಂತ ಬೇರೆ ಕಾನೂನೇ ಇಲ್ಲ, ಕಾನೂನಿನ ಲೆಕ್ಕದಲ್ಲಿ ಅವರು ವಿದೇಶಿಯರು. ಮೊದಲು ಅದನ್ನು ಪ್ರತಿ ವರ್ಷ ನವೀಕರಿಸಬೇಕಿತ್ತು, 2012ರಿಂದ ಇಲ್ಲೇ ಹುಟ್ಟಿದವರಿಗೆ ಐದು ವರ್ಷಕ್ಕೊಮ್ಮೆ ಮಾಡಿದರು. ಅಷ್ಟರ ಮಟ್ಟಿಗೆ ಒಳ್ಳೆಯದಾಯಿತು. ಆದರೂ ಬೇರೆ ಊರಲ್ಲಿ ತುಂಬ ದಿನ ನಿಂತರೆ ಪೊಲೀಸರಿಗೆ ತಿಳಿಸಬೇಕು. ಹೊರದೇಶಕ್ಕೆ ಹೋಗಬೇಕಾದರೆ ಪಾಸ್‌ಪೋರ್ಟ್ ಇಲ್ಲ, ಒಂದು ಹಳದಿ ಪುಸ್ತಕ. ಅದರ ಜೊತೆಗೆ ಹೋಗಲು ಒಂದು ಅನುಮತಿ, ವಾಪಸ್ ಬರಲು ಇನ್ನೊಂದು. ಎಷ್ಟೋ ವಿಮಾನ ನಿಲ್ದಾಣಗಳಲ್ಲಿ ಆ ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡುತ್ತಾರಂತೆ. ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವ ಹಾಗಿಲ್ಲ. ಹೊಲ ಇದ್ದರೂ ಹೆಸರಿನಲ್ಲಿ ಪಹಣಿ ಇಲ್ಲ, ಪಹಣಿ ಇಲ್ಲದೆ ಬ್ಯಾಂಕಿನಲ್ಲಿ ಬೆಳೆಸಾಲ ಕೇಳುವುದು ಎಷ್ಟು ಕಷ್ಟ ಅಂತ ರೈತರ ಕ್ಷೇತ್ರದ ನಿಮಗೆ ನಾನು ವಿವರಿಸಬೇಕಾಗಿಲ್ಲ.

ಅವನ ತಂಗಿ ಹುಟ್ಟಿದ್ದು 1989ರಲ್ಲಿ. ಅದೇ ಆಸ್ಪತ್ರೆ, ಅದೇ ತಾಯಿ. ಕಾಯ್ದೆ ಪ್ರಕಾರ ಅಣ್ಣ ಭಾರತೀಯ, ತಂಗಿ ವಿದೇಶಿ. ಅವಳು ನರ್ಸಿಂಗ್ ಓದಿ ಕೆನಡಾಕ್ಕೆ ಹೋದಳು. ಈಗ ಅಲ್ಲಿಯ ಪಾಸ್‌ಪೋರ್ಟ್ ಸಿಕ್ಕಿದೆ. ತಾಯಿಯನ್ನು ನೋಡಲು ಬಂದರೆ ಕ್ಯಾಂಪಿನಲ್ಲಿ ರಾತ್ರಿ ಉಳಿಯಲು ಗೃಹ ಇಲಾಖೆಯ ವಿಶೇಷ ಪರವಾನಗಿ ಬೇಕು. ಬೈಲಕುಪ್ಪೆ ವಿದೇಶಿಯರಿಗೆ ನಿರ್ಬಂಧಿತ ಜಾಗ. ಹೋದ ಸಲ ಬಂದಾಗ ಪರವಾನಗಿ ಸಮಯಕ್ಕೆ ಸಿಗಲಿಲ್ಲ. ಹಗಲು ತಾಯಿಯ ಹತ್ತಿರ ಇದ್ದು, ಸಂಜೆ ಹೊಳೆ ದಾಟಿ ಕುಶಾಲನಗರದ ಲಾಡ್ಜಿಗೆ ಹೋಗುತ್ತಿದ್ದಳು. ಎಂಬತ್ತು ದಾಟಿದ ತಾಯಿಗೆ ಇದು ಅರ್ಥವಾಗಲೇ ಇಲ್ಲ. ಮಗಳು ಏನೋ ಕೋಪ ಮಾಡಿಕೊಂಡು ಹೋಗುತ್ತಾಳೆ ಅಂತ ತಿಳಿದು, ರಾತ್ರಿ ಊಟ ಮಾಡದೆ ಕೂರುತ್ತಿದ್ದರು.

ಈ ತಂಗಿಯಂತೆ ತನಗೆ ಆಗಬಾರದು, ಮಗನ ಓದಿಗೆ ಅನುಕೂಲ ಆಗಲಿ ಅಂತ ಗೆಳೆಯ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ. ಜನನ ಪ್ರಮಾಣಪತ್ರ ಇತ್ತು, ಶಾಲೆಯ ದಾಖಲೆ ಇತ್ತು. ಕಚೇರಿಯಲ್ಲಿ ವಿಳಾಸ ನೋಡಿದ ತಕ್ಷಣ ಕಡತ ನಿಂತಿತು. ಕ್ಯಾಂಪು ಬಿಟ್ಟಿದ್ದೀರಾ? ಬಿಟ್ಟಿದ್ದಕ್ಕೆ ದಾಖಲೆ ತನ್ನಿ. ಅಲ್ಲಿದ್ದ ಒಬ್ಬ ಏಜೆಂಟು ಆಚೆ ಕರೆದು ಉಪಾಯ ಹೇಳಿಕೊಟ್ಟನಂತೆ. ಕುಶಾಲನಗರದಲ್ಲಿ ಒಂದು ರೂಮು ಬಾಡಿಗೆ ತೋರಿಸಿ, ಕರಾರುಪತ್ರ ಮಾಡಿಸಿ, ಪೊಲೀಸ್ ತಪಾಸಣೆ ಬರುವ ದಿನ ಅಲ್ಲಿ ಹಾಸಿಗೆ ಹಾಕಿಕೊಂಡು ಕೂತಿರಿ, ಮುಗಿದ ಮೇಲೆ ವಾಪಸ್ ಹೋಗಿ ಅಂತ. ಗೆಳೆಯ ಬೇಡ ಅಂದ. ಪೌರ ಆಗುವ ಮೊದಲ ಕೆಲಸವೇ ಸರ್ಕಾರಕ್ಕೆ ಸುಳ್ಳು ಹೇಳುವುದಾದರೆ ಅಂಥ ಪಾಸ್‌ಪೋರ್ಟು ನನಗೆ ಬೇಡ ಅಂತ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಹೇಳಿದ. ಪ್ರಾಮಾಣಿಕನಿಗೆ ಏನೂ ಸಿಗದ, ಸುಳ್ಳು ಹೇಳುವವನಿಗೆ ದಾರಿ ತೆರೆಯುವ ನಿಯಮವನ್ನು ಯಾರಿಗಾಗಿ ಇಟ್ಟುಕೊಂಡಿದ್ದೀರಿ ಸ್ವಾಮಿ?

ಷರತ್ತಿಗೆ ಒಂದು ಸಮರ್ಥನೆ ಇದೆ, ಅದನ್ನೂ ಹೇಳಿಬಿಡುತ್ತೇನೆ. ಭೂಮಿ ನಿರಾಶ್ರಿತರಿಗೆ ಅಂತ ಕೊಟ್ಟದ್ದು. ಪೌರನಾದವನು ನಿರಾಶ್ರಿತನಲ್ಲ. ಅವನು ಅಲ್ಲಿದ್ದರೆ ಗುತ್ತಿಗೆಯ ಉದ್ದೇಶ ತಪ್ಪುತ್ತದೆ, ನಾಳೆ ಅದನ್ನು ಸ್ವಂತ ಆಸ್ತಿ ಅನ್ನಬಹುದು, ಮಾರಬಹುದು ಎಂಬ ಭಯ. ಭಯ ಸುಳ್ಳಲ್ಲ. ಕುಶಾಲನಗರದ ಸುತ್ತ ಸೈಟಿನ ಬೆಲೆ ಎಲ್ಲಿಗೆ ಹೋಗಿದೆ ಅಂತ ನಿಮಗೂ ಗೊತ್ತು. ಆದರೆ ಅದಕ್ಕೆ ಬೇಕಾದದ್ದು ಮಾರಬಾರದು ಎಂಬ ನಿಯಮ, ಅದು ಈಗಾಗಲೇ ಇದೆ. ಕ್ಯಾಂಪಿನವರೇ ಅದನ್ನು ಕಾಯುತ್ತಿದ್ದಾರೆ. ವಾಸ ಇರಬಾರದು ಅನ್ನುವುದರಿಂದ ಭೂಮಿಗೆ ಯಾವ ರಕ್ಷಣೆಯೂ ಸಿಗುವುದಿಲ್ಲ. ಇನ್ನೊಂದು ತಮಾಷೆ ನೋಡಿ. ನಾನು ಬೇಕಾದರೆ ಇವತ್ತು ರಾತ್ರಿ ಕ್ಯಾಂಪಿನ ಗೆಸ್ಟ್‌ಹೌಸಿನಲ್ಲಿ ರೂಮು ಹಿಡಿದು ಮಲಗಬಹುದು. ಭಾರತೀಯನಾದ ನನ್ನನ್ನು ಯಾರೂ ಕೇಳುವುದಿಲ್ಲ. ಆರ್‌ಸಿ ಇರುವ ಟಿಬೆಟಿಯನ್ನರೂ ಮಲಗಬಹುದು. ಭಾರತೀಯ ಅಂತ ಪಾಸ್‌ಪೋರ್ಟು ಕೇಳುವ, ಅಲ್ಲೇ ಹುಟ್ಟಿದ ಟಿಬೆಟಿಯನ್ ಮಾತ್ರ ಅಲ್ಲಿ ಮನೆ ಮಾಡಿಕೊಂಡಿರಬಾರದು.

ಮತ್ತೆ, ಹುಟ್ಟಿನಿಂದ ಪೌರ ಅಂತ ಕಾಯ್ದೆ ಹೇಳಿದ ಮೇಲೆ ಅವನು ಪಾಸ್‌ಪೋರ್ಟ್ ತೆಗೆದುಕೊಂಡ ದಿನದಿಂದ ಪೌರನಾಗುವುದಿಲ್ಲ, ಹುಟ್ಟಿದ ದಿನದಿಂದಲೇ ಪೌರ. ಅಂದರೆ ಇಷ್ಟು ವರ್ಷ ಪೌರನಾಗಿಯೇ ಕ್ಯಾಂಪಿನಲ್ಲಿದ್ದ. ಯಾವ ಗುತ್ತಿಗೆಯೂ ಮುರಿದು ಬೀಳಲಿಲ್ಲ. 2014ರ ಲೋಕಸಭಾ ಚುನಾವಣೆಗೆ ಮೊದಲು ಚುನಾವಣಾ ಆಯೋಗವೇ ಇಂಥವರನ್ನು ಮತದಾರರ ಪಟ್ಟಿಗೆ ಸೇರಿಸಿ ಅಂತ ಹೇಳಿತ್ತು. ಮತ ಹಾಕಲು ಆಗುವ ಭಾರತೀಯ, ಪಾಸ್‌ಪೋರ್ಟ್ ಕೇಳಿದಾಗ ಯಾಕೆ ಆಗುವುದಿಲ್ಲ?

ಕ್ಯಾಂಪಿನಲ್ಲಿ ಎಲ್ಲರೂ ಪೌರತ್ವ ಬೇಕು ಅನ್ನುವುದಿಲ್ಲ, ಅದೂ ನಿಮಗೆ ತಿಳಿದಿರಲಿ. ಹಿರಿಯರು ಎಷ್ಟೋ ಮಂದಿ ಆರ್‌ಸಿಯನ್ನು ಬಿಡಲು ಒಪ್ಪುವುದಿಲ್ಲ. ನಾವೆಲ್ಲ ಭಾರತೀಯರಾಗಿಬಿಟ್ಟರೆ ಟಿಬೆಟ್ ಕೇಳುವವರು ಯಾರು ಅನ್ನುತ್ತಾರೆ. ಅವರ ಮಾತಿಗೆ ತೂಕ ಇದೆ. ನನಗೆ ಪರಿಚಯದ ಒಬ್ಬ ಯಜಮಾನರಿದ್ದಾರೆ, 1962ರಲ್ಲಿ ನಮ್ಮ ಸರ್ಕಾರ ಟಿಬೆಟಿಯನ್ನರನ್ನು ಸೇರಿಸಿ ಕಟ್ಟಿದ ವಿಶೇಷ ಗಡಿ ಪಡೆಯಲ್ಲಿದ್ದವರು. ಆ ಪಡೆ 1971ರ ಯುದ್ಧದಲ್ಲಿ ಚಿತ್ತಗಾಂಗ್ ಬೆಟ್ಟಗಳಲ್ಲಿ ಹೋರಾಡಿತು. ಈ ದೇಶಕ್ಕಾಗಿ ಬಂದೂಕು ಹಿಡಿದವರು ಇವತ್ತಿಗೂ ವಿದೇಶಿಯರ ಪಟ್ಟಿಯಲ್ಲಿದ್ದಾರೆ. ಅವರಿಗೆ ಪೌರತ್ವ ಬೇಡ, ಊರಿಗೆ ಹೋಗುವ ಆಸೆ. ಅವರ ಆಯ್ಕೆ ಅವರದ್ದು. ನಾನು ಕೇಳುತ್ತಿರುವುದು ಬೇಕು ಅನ್ನುವವರ ಬಗ್ಗೆ. ಬೇಕು, ಬೇಡ ಎರಡನ್ನೂ ಅವರು ತಮ್ಮ ಮನೆಯಲ್ಲಿ ಕೂತು ತೀರ್ಮಾನ ಮಾಡುವ ಹಾಗಿರಲಿ.

ನಮ್ಮ ಊರಿನವರಿಗೆ ಒಂದು ಮಾತು. ಅವರಿಗೆ ಯಾಕೆ ಇಷ್ಟೆಲ್ಲ, ನಮ್ಮ ಹಾಡಿಯ ಜೇನುಕುರುಬರಿಗೇ ಹಕ್ಕುಪತ್ರ ಸಿಕ್ಕಿಲ್ಲ ಅನ್ನುತ್ತೀರಿ. ನಿಜ. ನಾಗರಹೊಳೆ ಕಾಡಿನಿಂದ ಹೊರಗೆ ಹಾಕಿಸಿಕೊಂಡವರ ಪಾಡು ಕ್ಯಾಂಪಿನವರಿಗಿಂತ ಕೆಟ್ಟದ್ದು. 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂದರೂ ಅರ್ಜಿ ಹಿಡಿದು ಅಲೆಯುತ್ತಿದ್ದಾರೆ. ಸಂಸದರೇ, ಅದರ ಬಗ್ಗೆಯೂ ನಿಮಗೆ ಪತ್ರ ಬರಬೇಕು, ಬರುತ್ತದೆ. ಆದರೆ ಕ್ಯಾಂಪಿನವನ ಪಾಸ್‌ಪೋರ್ಟು ತಡೆದರೆ ಹಾಡಿಯವನಿಗೆ ಒಂದು ಗುಂಟೆಯೂ ಸಿಗುವುದಿಲ್ಲ. ಇನ್ನು ವ್ಯಾಪಾರದ ಮಾತು. ಕುಶಾಲನಗರದ ಬಜಾರು, ಕೊಪ್ಪದ ಆಟೋಗಳು, ಕ್ಯಾಂಪಿನ ಅಡುಗೆಮನೆಗಳಲ್ಲಿ, ಹೊಲಗಳಲ್ಲಿ ಕೂಲಿ ಮಾಡುವ ನಮ್ಮ ಹೆಂಗಸರು, ತರಕಾರಿ ಗಾಡಿಯವರು ಯಾರನ್ನು ನಂಬಿಕೊಂಡಿದ್ದಾರೆ ಅಂತ ಒಂದು ಸಲ ಯೋಚಿಸಿ.

ಆ ಕ್ಯಾಂಪುಗಳೇ ಈಗ ಖಾಲಿಯಾಗುತ್ತಿವೆ. ಟಿಬೆಟಿನಿಂದ ಹೊಸಬರು ಬರುವುದು 2008ರ ನಂತರ ಬಹುತೇಕ ನಿಂತಿದೆ. ಇಲ್ಲಿದ್ದ ಹುಡುಗರು ಅಮೆರಿಕ, ಕೆನಡಾ, ಫ್ರಾನ್ಸ್ ಅಂತ ಹೊರಟಿದ್ದಾರೆ. ಒಂದೊಂದು ಬೀದಿಯಲ್ಲಿ ನಾಲ್ಕೈದು ಮನೆಗೆ ಬೀಗ, ಮಿಕ್ಕಿದ ಮನೆಗಳಲ್ಲಿ ವಯಸ್ಸಾದವರು. ಮೊದಲು ನನ್ನ ಹತ್ತಿರ ಹೊಸ ಮನೆಗೆ ತಗಡು, ಕಿಟಕಿಯ ಸರಳು ಕೊಳ್ಳುತ್ತಿದ್ದರು. ಈಗ ಬೀಗ, ಚಿಲಕ ಜಾಸ್ತಿ ಹೋಗುತ್ತದೆ. ಹೋಗುವವರಿಗೆ ಹೊರದೇಶದ ಆಸೆ ಇಲ್ಲ ಅಂತ ಹೇಳಲಾರೆ. ಆದರೆ ಇಲ್ಲಿದ್ದರೆ ಕೊನೆಯವರೆಗೂ ವಿದೇಶಿ, ಅಲ್ಲಿಗೆ ಹೋದರೆ ಕೆಲವೇ ವರ್ಷದಲ್ಲಿ ಆ ದೇಶದ ಪೌರ ಅಂತಾದರೆ ಯಾರು ತಾನೆ ನಿಲ್ಲುತ್ತಾರೆ? ನಿಲ್ಲುತ್ತೇನೆ ಅನ್ನುವ ನನ್ನ ಗೆಳೆಯನಂಥವರಿಗೆ ನಾವು ಕೊಡುತ್ತಿರುವುದು ಈ ಷರತ್ತು.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ. ಮುಖ್ಯವಾದದ್ದು ಒಂದೇ. 1950ರಿಂದ 1987ರ ನಡುವೆ ಇಲ್ಲಿ ಹುಟ್ಟಿದ ಟಿಬೆಟಿಯನ್ನರು ಪಾಸ್‌ಪೋರ್ಟ್ ಕೇಳಿದಾಗ ಕ್ಯಾಂಪು ಬಿಡಬೇಕು ಎಂಬ ಷರತ್ತನ್ನು ತೆಗೆಯುವಂತೆ ಗೃಹ ಸಚಿವಾಲಯವನ್ನೂ ವಿದೇಶಾಂಗ ಸಚಿವಾಲಯವನ್ನೂ ಒತ್ತಾಯಿಸಿ. ಆರ್‌ಸಿ ವಾಪಸ್ ಪಡೆಯಲಿ, ನಿರಾಶ್ರಿತರ ಸಬ್ಸಿಡಿ ನಿಲ್ಲಿಸಲಿ, ಮನೆ ಹೊಲ ಮಾರುವುದಿಲ್ಲ ಅಂತ ಮುಚ್ಚಳಿಕೆ ಬರೆಸಿಕೊಳ್ಳಲಿ. ಮನೆಯಿಂದ ಹೊರಗೆ ಹಾಕುವುದು ಬೇಡ.

ಜೊತೆಗೆ ರಾಜ್ಯ ಸರ್ಕಾರದ ಹತ್ತಿರ ಆಗಬೇಕಾದ ಕೆಲಸ ಒಂದಿದೆ. 2014ರ ಟಿಬೆಟಿಯನ್ ಪುನರ್ವಸತಿ ನೀತಿಯಲ್ಲಿ ಕೇಂದ್ರವೇ 20 ವರ್ಷದ ಗುತ್ತಿಗೆಯ ಮಾತು ಹೇಳಿದೆ. ನರೇಗಾ, ಪಡಿತರದಂಥ ಯೋಜನೆಗಳನ್ನು ವಿಸ್ತರಿಸಿ, ಬ್ಯಾಂಕ್ ಸಾಲ ಸಿಗುವಂತೆ ಮಾಡಿ, ವ್ಯಾಪಾರದ ಲೈಸೆನ್ಸ್ ಕೊಡಿ ಅಂತಲೂ ಹೇಳಿದೆ. ಇದರಲ್ಲಿ ನಮ್ಮ ತಾಲ್ಲೂಕಿನಲ್ಲಿ ಯಾವುದು ಜಾರಿಯಾಗಿದೆ, ಯಾವುದು ಕಾಗದದಲ್ಲೇ ಇದೆ ಅಂತ ಜಿಲ್ಲಾಡಳಿತದಿಂದ ಒಂದು ವರದಿ ತರಿಸಿ. ನೀವು ಕೇಳಿದರೆ ಕೊಡುತ್ತಾರೆ, ನಾನು ಕೇಳಿದರೆ ನಾಳೆ ಬಾ ಅನ್ನುತ್ತಾರೆ. ಹಾಗೆಯೇ ಹೊರದೇಶದ ಪೌರರಾದ ಮಕ್ಕಳು ಹೆತ್ತವರ ಮನೆಯಲ್ಲಿ ಕೆಲವು ದಿನ ಉಳಿಯಲು ಬೇಕಾದ ಪರವಾನಗಿಯನ್ನು ಜಿಲ್ಲೆಯ ಮಟ್ಟದಲ್ಲೇ ಬೇಗ ಕೊಡುವ ವ್ಯವಸ್ಥೆ ಆಗಲಿ. ಭದ್ರತೆಗೆ ತಪಾಸಣೆ ಬೇಕಾದರೆ ಮಾಡಲಿ, ಆದರೆ ಹೆತ್ತ ತಾಯಿಯ ಮನೆಗೂ ಸುಮ್ನೆ ನೋಡಲು ಬರುವ ಪ್ರವಾಸಿಯ ಲಾಡ್ಜಿಗೂ ಒಂದೇ ನಿಯಮ ಬೇಡ.

ಟಿಬೆಟಿಯನ್ನರ ಹೊಸ ವರ್ಷವಾದ ಲೋಸಾರ್ ಹಬ್ಬಕ್ಕೆ, ಮಠದ ಕಾರ್ಯಕ್ರಮಕ್ಕೆ ಎಲ್ಲ ಪಕ್ಷದ ಮುಖಂಡರೂ ಕ್ಯಾಂಪಿಗೆ ಬರುತ್ತಾರೆ. ಬಿಳಿ ಶಲ್ಯ ಹಾಕಿಸಿಕೊಳ್ಳುತ್ತಾರೆ, ಕರ್ನಾಟಕ ನಿಮ್ಮ ಎರಡನೇ ಮನೆ ಅಂತ ಭಾಷಣ ಮಾಡುತ್ತಾರೆ. ಕೇಳುವವರಲ್ಲಿ ಜಾಸ್ತಿ ಮಂದಿ ಇಲ್ಲೇ ಹುಟ್ಟಿದವರು. ಅವರಿಗೆ ಮೊದಲನೇ ಮನೆ ಇದೇ. ಮುಂದಿನ ಸಲ ಬಂದಾಗ ವೇದಿಕೆಯಿಂದ ಇಳಿದು ಯಾವುದಾದರೂ ಕ್ಯಾಂಪಿನ ಸಭೆಯಲ್ಲಿ ಒಂದು ಗಂಟೆ ಕೂತು ಹೋಗಿ. ಭಾಷೆಯ ತೊಂದರೆ ಆಗುವುದಿಲ್ಲ.

ಅದಕ್ಕೂ ಮೊದಲು, ಮುಂದಿನ ಅಧಿವೇಶನದಲ್ಲಿ ಒಂದು ಪ್ರಶ್ನೆ ಹಾಕಿ: ಈ ಷರತ್ತು ಯಾವ ಕಾಯ್ದೆಯ ಯಾವ ಕಲಮಿನ ಆಧಾರದ ಮೇಲೆ ಬಂತು? ಪೌರತ್ವ ಕಾಯ್ದೆಯ ಆ ಕಲಮಿನಲ್ಲಿ ವಾಸದ ಷರತ್ತು ಎಲ್ಲಿದೆ? ಸಚಿವರ ಉತ್ತರ ಲಿಖಿತವಾಗಿ ಬರಲಿ. ಅದರ ಒಂದು ಪ್ರತಿಯನ್ನು ಕ್ಯಾಂಪ್ ಆಫೀಸಿಗೆ ಕಳುಹಿಸಿಕೊಡಿ. ಕನ್ನಡದಲ್ಲೇ ಕಳುಹಿಸಿ, ಓದಿಕೊಳ್ಳುತ್ತಾರೆ.

ಇಂತಿ ನಿಮ್ಮ ವಿಶ್ವಾಸಿ,
ಕ್ಷೇತ್ರದ ಒಬ್ಬ ಮತದಾರ
ಕೊಪ್ಪ, ಪಿರಿಯಾಪಟ್ಟಣ ತಾಲ್ಲೂಕು